ಚಿತ್ರ ಕುಣಿಸುವ ವಿದ್ಯೆಗೆ ಸಾಲ ಮಾಡಬೇಕೆ?

ಕಳೆದ ವಾರ ಕಿರಾಣಿ ವ್ಯಾಪಾರಿಯೊಬ್ಬರು ನಮ್ಮ ಕಚೇರಿಗೆ ಬಂದು, ಬಣ್ಣಬಣ್ಣದ ಕರಪತ್ರವೊಂದನ್ನು ಮೇಜಿನ ಮೇಲಿಟ್ಟರು. "ಹುಡುಗ ಬೆಂಗಳೂರಿಗೆ ಹೋಗಿ ಅನಿಮೇಷನ್ ಓದುತ್ತೇನೆಂದು ಹಟ ಹಿಡಿದಿದ್ದಾನೆ. ಅಂಗಡಿಯ ಮೇಲೆ ಸಾಲ ಎತ್ತಲೋ ಬೇಡವೋ, ನೀವೇ ಹೇಳಿ ಸ್ವಾಮಿ" ಎಂದರು. ಪ್ರಶ್ನೆ ಅವರೊಬ್ಬರದಲ್ಲ. ಮಿಲ್ಲಿನಲ್ಲಿ ದುಡಿದು ಮಕ್ಕಳನ್ನು ಓದಿಸುತ್ತಿರುವ ನಮ್ಮ ಅನೇಕ ವಾಚಕರದೂ ಹೌದು. ಆದುದರಿಂದ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಒಮ್ಮೆ ಓಡಾಡಿ ಬನ್ನಿ. ಕೆಳಗೆ ಬಟ್ಟೆಯಂಗಡಿ, ಔಷಧದಂಗಡಿ; ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ವಿದ್ಯೆಯ ಬೋರ್ಡು. ಸಂಪಿಗೆ ರಸ್ತೆಯ ತುದಿಯಲ್ಲಿ ಹಿಂದೆ ರಾಜಾ ಮಿಲ್ಲು ಇದ್ದ ನೆಲದಲ್ಲಿ ಈಗ ಮಂತ್ರಿ ಸ್ಕ್ವೇರ್ ಎಂಬ ದೊಡ್ಡ ಮಾಲ್ ನಿಂತಿದೆ. ಮಿಲ್ಲು ಹೋಯಿತು, ದುಡಿಯುವವನಿಗೆ ಕೆಲಸ ಬೇಕೆಂಬ ಮಾತು ಹೋಗಲಿಲ್ಲ. ಹೊಸ ಕಸಬನ್ನು ಅರಸುವ ಮಕ್ಕಳನ್ನು ನಾವು ಹಳಿಯುವುದು ನ್ಯಾಯವಲ್ಲ.

ಈ ಕಸಬಿನಲ್ಲಿ ಮಂತ್ರವೇನೂ ಇಲ್ಲ. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕು. ಮಿಲ್ಲಿನಲ್ಲಿ ನೂಲುವವರು ಬೇರೆ, ನೇಯುವವರು ಬೇರೆ, ಬಣ್ಣ ಹಾಕುವವರು ಬೇರೆ ಇರುವಂತೆ ಇಲ್ಲಿಯೂ ಗೊಂಬೆಯ ಆಕಾರ ಕಟ್ಟುವವನೊಬ್ಬ, ಅದಕ್ಕೆ ಕೀಲುಗಳನ್ನು ಕೂಡಿಸುವವನೊಬ್ಬ, ನಡೆಸುವವನೊಬ್ಬ, ಬೆಳಕು ಕೊಡುವವನೊಬ್ಬ. ಪರದೆಯ ಮೇಲೆ ಸಿಂಹ ಗರ್ಜಿಸುವುದನ್ನು ಕಂಡು ನಾವು ಚಪ್ಪಾಳೆ ತಟ್ಟುತ್ತೇವೆ. ಅದರ ಹಿಂದೆ ರಾತ್ರಿಯೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತವನು ಕಾರ್ಮಿಕನೇ. ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಅವನು ಧಣಿಯಾಗಲಿಲ್ಲ.

ಕೆಲಸವಿಲ್ಲವೇ? ಇದೆ. ಕರ್ನಾಟಕ ಸರ್ಕಾರ 2012ರಲ್ಲಿಯೇ ಈ ಉದ್ಯಮಕ್ಕಾಗಿ ಪ್ರತ್ಯೇಕ ನೀತಿ ತಂದಿತು. 2024ರಿಂದ 2029ರವರೆಗಿನದು ಈಗಿನ ನೀತಿ. 2025ರ ಜುಲೈಯಲ್ಲಿ ತೆರೆಕಂಡ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿತು. ಜನ ಮುಗಿಬಿದ್ದು ನೋಡಿದರು. ಕರಪತ್ರಗಳಲ್ಲಿ ಇಂತಹ ಸಂಗತಿಗಳು ದಪ್ಪಕ್ಷರದಲ್ಲಿ ಇರುತ್ತವೆ.

ಕರಪತ್ರಗಳಲ್ಲಿ ಇಲ್ಲದ ಸಂಗತಿಯನ್ನು ನಾವು ಹೇಳುತ್ತೇವೆ. ಅದೇ 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ಬಹುರಾಷ್ಟ್ರೀಯ ಕಂಪನಿ ಕುಸಿದುಬಿತ್ತು. ಹಾಲಿವುಡ್ಡಿನ ದೊಡ್ಡ ದೊಡ್ಡ ಚಿತ್ರಗಳಿಗೆ ದುಡಿದಿದ್ದ ಬೆಂಗಳೂರಿನ ಅದರ ಸ್ಟುಡಿಯೋ ಮುಚ್ಚಿತು. ಸಾವಿರಾರು ಮಂದಿ ಕೆಲವೇ ದಿನಗಳಲ್ಲಿ ಬೀದಿಗೆ ಬಂದರು. ಅವರ ಕೈಯಲ್ಲಿ ವಿದ್ಯೆ ಇರಲಿಲ್ಲವೇ? ಇತ್ತು. ಲೆಕ್ಕದ ಪುಸ್ತಕ ಪರದೇಶದಲ್ಲಿತ್ತು, ಅಷ್ಟೆ.

ಮಿಲ್ಲಿನ ಬಂಧುಗಳಿಗೆ ಸ್ಥಾಯೀ ಆದೇಶಗಳೆಂದರೆ ಏನೆಂದು ನಾವು ವಿವರಿಸಬೇಕಾಗಿಲ್ಲ. ಪಾಳಿ ಯಾವಾಗ, ರಜೆ ಎಷ್ಟು, ಕೆಲಸದಿಂದ ತೆಗೆಯುವ ಮುನ್ನ ವಿಚಾರಣೆ ಹೇಗೆ ಎಂಬುದನ್ನು ಕಾಗದದ ಮೇಲೆ ನಿಲ್ಲಿಸಿದ ಕಟ್ಟಳೆ ಅದು; 1946ರ ಕಾಯ್ದೆಯ ಫಲ. ಐಟಿ ಉದ್ಯಮದ ಜೊತೆಯಲ್ಲಿ ಅನಿಮೇಷನ್ ಉದ್ಯಮಕ್ಕೂ ನಮ್ಮ ರಾಜ್ಯ ಸರ್ಕಾರ 2014ರಲ್ಲಿ ಆ ಕಾಯ್ದೆಯಿಂದ ಐದು ವರ್ಷಗಳ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೆ, 2024ರಲ್ಲಿ ಮತ್ತೂ ಒಮ್ಮೆ ಕೊಟ್ಟಿತು. 2025ರ ನವೆಂಬರ್ 21ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 300 ಮಂದಿಗಿಂತ ಕಡಿಮೆ ಕೆಲಸಗಾರರಿರುವಲ್ಲಿ ಸ್ಥಾಯೀ ಆದೇಶಗಳ ಕಡ್ಡಾಯವೇ ಇಲ್ಲವೆಂದಾಯಿತು. ಸಣ್ಣ ಸ್ಟುಡಿಯೋ ಸೇರುವ ಹುಡುಗನಿಗೆ ಯಾವ ರಕ್ಷೆ ಉಳಿಯಿತು? ಉದ್ಯಮಕ್ಕೆ ಉತ್ತೇಜನ ಕೊಡುವ ಸರ್ಕಾರ, ಉದ್ಯೋಗಿಗೆ ಕಟ್ಟಳೆಯ ಆಸರೆಯನ್ನೂ ಕೊಡಬೇಡವೇ?

ಹಾಗೆಂದು ಮಕ್ಕಳನ್ನು ಈ ವಿದ್ಯೆಗೆ ಕಳುಹಿಸಬೇಡಿರೆಂದು ನಾವು ಹೇಳುವುದಿಲ್ಲ. ಕಲಿಯಲಿ, ಆದರೆ ಸಾಲದಿಂದ ಆರಂಭಿಸುವುದು ಬೇಡ.

ನೂಲುವ ಯಂತ್ರವನ್ನು ಕಾರ್ಮಿಕ ಎಂದೂ ಕೊಳ್ಳಲಾರ. ಈ ಕಸಬಿನ ಯಂತ್ರವೊಂದು ಮಾತ್ರ ಎಲ್ಲರ ಸೊತ್ತಾಗಿದೆ. ಬ್ಲೆಂಡರ್ ಎಂಬ ತಂತ್ರಾಂಶವನ್ನು ತಯಾರಿಸಿದ ಡಚ್ ಕಂಪನಿ 2002ರಲ್ಲಿ ಮುಳುಗಿದಾಗ, ಅದನ್ನು ಬಳಸುತ್ತಿದ್ದವರೇ ಚಂದಾ ಎತ್ತಿ, ಕೆಲವೇ ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ, ಅದನ್ನು ಬಿಡಿಸಿಕೊಂಡು ಲೋಕಕ್ಕೆ ಉಚಿತವಾಗಿ ಕೊಟ್ಟರು. ಲಾಟ್ವಿಯಾ ಎಂಬ ಪುಟ್ಟ ದೇಶದ ತರುಣನೊಬ್ಬ ಅದರಿಂದಲೇ ಮಾಡಿದ 'ಫ್ಲೋ' ಎಂಬ ಚಿತ್ರ 2025ರ ಮಾರ್ಚ್‌ನಲ್ಲಿ ಆಸ್ಕರ್ ಬಹುಮಾನ ಗಳಿಸಿತು. ಸಾಧಾರಣ ಕಂಪ್ಯೂಟರು ಸಿಕ್ಕರೆ ನಮ್ಮ ಹುಡುಗರು, ಹುಡುಗಿಯರು ಇಂದೇ ಅದರಲ್ಲಿ ಕೈ ಪಳಗಿಸಬಹುದು.

ಮೊದಲು ಆರು ತಿಂಗಳು ಹಾಗೆ ಕಲಿಯಲಿ. ಜೊತೆಗೆ ಪೆನ್ಸಿಲು ಹಿಡಿಯಲಿ. ಗಾಂಧಿ ಬಜಾರಿನಲ್ಲಿ ಹೂವು ಕಟ್ಟುವ ತಾಯಿಯ ಬೆರಳು ಹೇಗೆ ಓಡುತ್ತದೆ, ಮೂಟೆ ಹೊತ್ತ ಹಮಾಲಿಯ ಮೊಣಕಾಲು ಎಲ್ಲಿ ಬಾಗುತ್ತದೆ, ಕಡಲೆಕಾಯಿ ಪರಿಷೆಯಲ್ಲಿ ಜನ ಹೇಗೆ ನುಗ್ಗುತ್ತಾರೆ ಎಂಬುದನ್ನು ಕಣ್ಣಿಟ್ಟು ನೋಡಿ ಬರೆಯಲಿ. ಭಾರ ಮತ್ತು ವೇಳೆ, ಇವೆರಡೇ ಈ ವಿದ್ಯೆಯ ಜೀವಾಳ. ಅದನ್ನು ಕಲಿಸಲು ಬೀದಿ ಶುಲ್ಕ ಕೇಳುವುದಿಲ್ಲ. ಬರಿಯ ಗುಂಡಿ ಒತ್ತುವುದನ್ನು ಕಲಿತವನ ಕೆಲಸವನ್ನು ನಾಳೆ ಕೃತಕ ಬುದ್ಧಿಯ ಯಂತ್ರ ಕಸಿದುಕೊಂಡೀತು. ನೋಡುವ ಕಣ್ಣು ಬೆಳೆಸಿಕೊಂಡವನನ್ನು ಅಷ್ಟು ಸುಲಭವಾಗಿ ತಳ್ಳಲಾಗದು.

ಆರು ತಿಂಗಳ ಮೇಲೂ ಹಟ ಉಳಿದರೆ ಅದು ನಿಜವಾದ ಹಟ. ಆಗ ಮೈಸೂರಿನ ಸರ್ಕಾರಿ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಂತಹ ಕಡೆ ಮೊದಲು ವಿಚಾರಿಸಿ. ಖಾಸಗಿ ಶಾಲೆಗೇ ಹೋಗುವುದಾದರೆ ಮೂರು ಮಾತು ಕೇಳಿ: ಕಳೆದ ವರ್ಷ ಮುಗಿಸಿದವರು ಇಂದು ಎಲ್ಲಿದ್ದಾರೆ? ಮೊದಲ ಸಂಬಳ ಎಷ್ಟು? ನಡುವೆ ಬಿಟ್ಟರೆ ಹಣ ಹಿಂದಿರುಗುವುದೇ? ಬರವಣಿಗೆಯಲ್ಲಿ ಉತ್ತರ ಕೊಡದವರಿಗೆ ಹಣ ಕಟ್ಟಬೇಡಿ. ಪ್ರತಿ ಜಿಲ್ಲೆಯ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಈ ವಿದ್ಯೆಯನ್ನು ಕಡಿಮೆ ಶುಲ್ಕಕ್ಕೆ ಕಲಿಸಬೇಕೆಂದು ನಾವೆಲ್ಲರೂ ಕೂಡಿ ಒತ್ತಾಯಿಸೋಣ.

ಕೊನೆಯ ಮಾತು ಮಕ್ಕಳಿಗೆ. 1941ರ ಮೇ 29ರಂದು ಅಮೆರಿಕದಲ್ಲಿ ವಾಲ್ಟ್ ಡಿಸ್ನಿಯ ಸ್ಟುಡಿಯೋದ ಚಿತ್ರಗಾರರು ಮುಷ್ಕರ ಹೂಡಿ, ವಾರಗಟ್ಟಲೆ ಬಾಗಿಲಲ್ಲಿ ನಿಂತು, ತಮ್ಮ ಸಂಘಕ್ಕೆ ಮಾನ್ಯತೆ ಪಡೆದುಕೊಂಡರು. ಇಲಿ, ಬಾತುಕೋಳಿಗಳನ್ನು ಕುಣಿಸಿದ ಆ ಕೈಗಳು ಧಣಿಯ ಮುಂದೆ ತಾವು ಕುಣಿಯಲಿಲ್ಲ. ನಿಮ್ಮ ತಂದೆತಾಯಿಗಳು ಮಿಲ್ಲಿನ ಬಾಗಿಲಲ್ಲಿ ಕಲಿತದ್ದೂ ಅದೇ ಪಾಠ. ಹೊಸ ಕಸಬು ಕಲಿಯಿರಿ. ಹಳೆಯ ಪಾಠ ಮರೆಯಬೇಡಿರಿ.