ನಮ್ಮ ದನಿ ನಮ್ಮದೇ ಅಂತ ಮಿದುಳಿಗೆ ಹೇಗೆ ಗೊತ್ತಾಗುತ್ತೆ?

ವಾಟ್ಸಾಪ್‌ನಲ್ಲಿ ನಾವೇ ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಕೇಳೋದು ಬಹಳ ಜನಕ್ಕೆ ಕಿರಿಕಿರಿ. ‘ಅಯ್ಯೋ, ನನ್ನ ದನಿ ಹೀಗಿದೆಯಾ!’ ಅನ್ನಿಸುತ್ತೆ. ಮನೆಯವರನ್ನು ಕೇಳಿದರೆ ‘ಯಾವಾಗ್ಲೂ ಹೀಗೇ ಇರತ್ತಲ್ಲ’ ಅಂತಾರೆ. ಅವರು ಹೇಳೋದೇ ಸರಿ. ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಬರೋದರ ಜೊತೆಗೆ ತಲೆಬುರುಡೆಯ ಮೂಳೆಗಳ ಕಂಪನವಾಗಿಯೂ ಒಳಗಿವಿಗೆ ತಲುಪುತ್ತೆ. ಹಾಗಾಗಿ ನಮಗೆ ಅದು ತುಸು ತುಂಬಿಕೊಂಡಂತೆ ಕೇಳಿಸುತ್ತೆ. ರೆಕಾರ್ಡಿಂಗ್‌ನಲ್ಲಿ ಮೂಳೆಯ ಪಾಲು ಇರಲ್ಲ, ದನಿ ತೆಳ್ಳಗಾಗುತ್ತೆ.

ಇದು ಕಿವಿಯ ವಿಷಯ ಆಯ್ತು. ಮಿದುಳು ಮಾಡುವ ಕೆಲಸ ಇನ್ನೂ ಸ್ವಾರಸ್ಯವಾಗಿದೆ.

ವಿಡಿಯೋ ಕಾಲ್‌ನಲ್ಲಿ ಎದುರಿನವರ ಮಾತು ನಮ್ಮ ಸ್ಪೀಕರಿನಿಂದ ಹೊರಬಂದು, ನಮ್ಮ ಮೈಕಿಗೆ ಹೊಕ್ಕು, ಅವರಿಗೇ ವಾಪಸ್ ಕೇಳಿಸಬೇಕು. ಸಾಮಾನ್ಯವಾಗಿ ಕೇಳಿಸಲ್ಲ. ಸ್ಪೀಕರಿಗೆ ಏನು ಹೋಗಿದೆ ಅಂತ ಸಾಫ್ಟ್‌ವೇರಿಗೆ ಗೊತ್ತಿರುತ್ತೆ, ಮೈಕಿಗೆ ಬಂದ ಸದ್ದಿನಲ್ಲಿ ಅದನ್ನು ಕಳೆದುಬಿಡುತ್ತೆ. ಮಿದುಳಿನದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಗಂಟಲು, ನಾಲಿಗೆಗೆ ಆಜ್ಞೆ ಹೋಗುವಾಗಲೇ ಅದರ ಒಂದು ಪ್ರತಿ ಕೇಳುವ ಭಾಗಕ್ಕೂ ಹೋಗುತ್ತೆ: ‘ಈಗೊಂದು ಸದ್ದು ಬರುತ್ತೆ, ಅದು ನಮ್ಮದೇ, ಗಾಬರಿ ಬೇಡ.’ ತಲೆಗೆ ಇಇಜಿ ತಂತಿಗಳನ್ನು ಅಂಟಿಸಿ ‘ಆ’ ಅನ್ನಿಸಿ, ಆಮೇಲೆ ಅದೇ ‘ಆ’ದ ರೆಕಾರ್ಡಿಂಗ್ ಕೇಳಿಸಿದರೆ ವ್ಯತ್ಯಾಸ ಕಾಣುತ್ತೆ. ಸದ್ದು ಶುರುವಾಗಿ ಸುಮಾರು 100 ಮಿಲಿಸೆಕೆಂಡಿಗೆ ಬರುವ ಮಿದುಳಿನ ಅಲೆ, ಸ್ವತಃ ಹೇಳಿದಾಗ ಚಿಕ್ಕದು, ಬರೀ ಕೇಳಿದಾಗ ದೊಡ್ಡದು. ರಾತ್ರಿ ಕಿರ್‌ಗುಟ್ಟುವ ಹುಳಗಳಲ್ಲೂ ಇಂಥದೇ ಏರ್ಪಾಡಿದೆ, ಇಲ್ಲದಿದ್ದರೆ ಪಾಪ ತಮ್ಮ ಸದ್ದಿಗೇ ಕಿವುಡಾಗುತ್ತಿದ್ದವು.

ಲೆಕ್ಕ ತಪ್ಪಿಸುವುದೂ ಸುಲಭ. ನಿಮ್ಮ ಮಾತನ್ನೇ ಹೆಡ್‌ಫೋನಿನಲ್ಲಿ ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಕೇಳಿಸಿದರೆ ಸಾಕು, ಎಂಥ ಮಾತುಗಾರರೂ ತೊದಲುತ್ತಾರೆ.

ಈಗ ಮನಸ್ಸಿನೊಳಗಿನ ಮಾತನ್ನು ತಗೊಳ್ಳಿ. ‘ಗ್ಯಾಸ್ ಆಫ್ ಮಾಡಿದ್ನಾ?’ ಅಂತ ಒಳಗೇ ಒಂದು ದನಿ ಕೇಳುತ್ತೆ. ಅದು ನನ್ನದೇ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಆ ‘ನನ್ನದು’ ಅನ್ನುವ ಗುರುತು ಬೀಳದೇ ಹೋದರೆ? ಸ್ಕಿಜೋಫ್ರೇನಿಯಾ ಇರುವವರಲ್ಲಿ ಮೇಲೆ ಹೇಳಿದ ಅಲೆ ತಗ್ಗುವುದು ಸರಾಸರಿ ಕಡಿಮೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಯಾರೂ ಇಲ್ಲದ ಕಡೆ ಅವರಿಗೆ ದನಿ ಕೇಳಿಸುವುದಕ್ಕೆ ಇರುವ ವಿವರಣೆಗಳಲ್ಲಿ ಇದೂ ಒಂದು: ಸ್ವಂತ ಮಾತೇ ಪರರ ಮಾತಾಗಿ ಬರುತ್ತೆ. ಇದೊಂದೇ ಕಾರಣ ಅಂತಲ್ಲ, ಆದರೆ ಎಂಜಿನಿಯರ್ ತಲೆಗೆ ಒಪ್ಪುವ ಕಾರಣ.

ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಎರಡೇ. ಒಂದು, ‘ಯಾರೂ ಮಾತಾಡ್ತಿಲ್ಲ, ಸುಮ್ನಿರು.’ ಇನ್ನೊಂದು, ತಾಯತ. ಮೊದಲನೆಯದು ವೈಜ್ಞಾನಿಕ ಅಂದ್ಕೋತೀವಿ, ಅದೂ ಪೂರ್ತಿ ಸರಿಯಿಲ್ಲ. ದನಿ ಕೇಳಿಸುತ್ತಿರುವಾಗಲೇ ಸ್ಕ್ಯಾನ್ ಮಾಡಿದಾಗ ಮಾತಿಗೆ, ಕೇಳುವುದಕ್ಕೆ ಸಂಬಂಧಪಟ್ಟ ಭಾಗಗಳು ಕೆಲಸ ಮಾಡುತ್ತಿದ್ದದ್ದು ಕಂಡಿದೆ. ಅವರಿಗೆ ಅದು ನಿಜವಾಗಿ ಕೇಳಿಸುತ್ತೆ, ನಾಟಕ ಅಲ್ಲ. ‘ನಿಂಗೆ ಕೇಳಿಸ್ತಿದೆ ಅನ್ನೋದನ್ನ ನಂಬ್ತೀನಿ, ನಂಗೆ ಕೇಳಿಸ್ತಿಲ್ಲ’ ಅಂದರೆ ಸುಳ್ಳೂ ಹೇಳಿದಂತಾಗಲ್ಲ, ಜಗಳವೂ ಆಗಲ್ಲ. ಆಮೇಲೆ ‘ಡಾಕ್ಟರ ಹತ್ರ ಹೋಗೋಣ’ ಅನ್ನೋಕೆ ದಾರಿ ಇರುತ್ತೆ.

ನಿದ್ದೆ ಹತ್ತುವ ಹೊತ್ತಿಗೆ ಯಾರೋ ಹೆಸರು ಹಿಡಿದು ಕರೆದಂತಾಗೋದು, ತೀರಿಕೊಂಡ ಅಮ್ಮನ ದನಿ ಒಮ್ಮೆ ಕೇಳಿಸೋದು, ಇವೆಲ್ಲ ಕಾಯಿಲೆಯಲ್ಲ. ಪದೇಪದೇ ಬಂದು ಬೈಯುವ, ಹೀಗೆ ಮಾಡು ಅಂತ ಅಪ್ಪಣೆ ಕೊಡುವ ದನಿಯಾದರೆ ತಡ ಮಾಡಬಾರದು. ಎಲ್ಲಿಗೆ ಹೋಗೋದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಔಷಧಿಯ ಜೊತೆಗೆ, ದನಿ ಜೋರಾದಾಗ ಹಾಡು ಗುನುಗೋದು, ಗಟ್ಟಿಯಾಗಿ ಓದೋದು ಕೆಲವರಿಗೆ ಆರಾಮ ಕೊಡುತ್ತೆ. ಮನೆಯಲ್ಲಿ ಯಾರಾದರೂ ಹಾಗೆ ಓದುತ್ತಾ ಕೂತಿದ್ದರೆ, ಟಿವಿ ಕೇಳಿಸಲ್ಲ ಅಂತ ಗದರಬೇಡಿ.