ಹಾಯಿದೋಣಿಯ ಗಿರಾಕಿ ಮತ್ತು ಟನ್ನಿನ ಲೆಕ್ಕ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ವರ್ಜೀನಿಯಾ ರಾಜ್ಯದ ನಾರ್ಫೋಕ್ ಬಂದರಿನಿಂದ ಫ್ಲಾರಿಡಾದ ಮಯಾಮಿಯವರೆಗೆ ಸುಮಾರು 1,100 ಮೈಲಿ ಉದ್ದದ ಜಲಮಾರ್ಗವೊಂದಿದೆ. ತೆರೆದ ಸಮುದ್ರಕ್ಕೂ ಒಳನಾಡಿಗೂ ನಡುವೆ ಇರುವ ನದಿ, ಹಿನ್ನೀರು, ಕೊಲ್ಲಿಗಳನ್ನು ತೋಡುಗಾಲುವೆಗಳಿಂದ ಒಂದಕ್ಕೊಂದು ಪೋಣಿಸಿ ಮಾಡಿದ ಈ ದಾರಿಗೆ ಇಂಟ್ರಾಕೋಸ್ಟಲ್ ವಾಟರ್‌ವೇ ಎಂದು ಹೆಸರು. ಇದು ಸರಕು ಸಾಗಣೆಯನ್ನು ಮನಸ್ಸಿನಲ್ಲಿಟ್ಟು ನಿರ್ಮಿಸಿದ ಮಾರ್ಗ. 1942ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಅದೇ ತೀರದಾಚೆ ಹಡಗುಗಳನ್ನು ಮುಳುಗಿಸತೊಡಗಿದಾಗ ಇದರ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. ಈಗ ಅಲ್ಲಿ ಸರಕಿನ ಬಾರ್ಜುಗಳು ಕಡಿಮೆಯಾಗಿವೆ, ವಿಹಾರದ ಹಾಯಿದೋಣಿಗಳು ಸಾಲುಗಟ್ಟಿ ಸಾಗುತ್ತವೆ. ಆದರೆ ಮಾರ್ಗದ ಹೂಳೆತ್ತಲು ಹಣ ಹಂಚುವ ಸರ್ಕಾರಿ ಲೆಕ್ಕದಲ್ಲಿ ಇಂದಿಗೂ ಮುಖ್ಯವಾಗಿ ತೂಗುವುದು ಸರಕಿನ ಟನ್ನು. ದಡದ ವರ್ತಕರಿಗೆ ಆಗುತ್ತಿರುವ ಅನ್ಯಾಯದ ಮೂಲ ಇಲ್ಲಿದೆ.

ಈ ದೋಣಿಯವರು ಎಂಥ ಗಿರಾಕಿಗಳು ಎಂಬುದನ್ನು ಮೊದಲು ಗಮನಿಸಬೇಕು. ಉತ್ತರದ ಚಳಿಯಿಂದ ತಪ್ಪಿಸಿಕೊಳ್ಳಲು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದಕ್ಷಿಣಕ್ಕೆ ಇಳಿಯುತ್ತಾರೆ, ವಸಂತದಲ್ಲಿ ಮರಳುತ್ತಾರೆ. ಚಂಡಮಾರುತದ ಕಾಲ ನವೆಂಬರ್ 30ರವರೆಗೆ ಇರುವುದರಿಂದ, ಇಂತಿಷ್ಟು ದಿನಾಂಕಕ್ಕೆ ಮುನ್ನ ದಕ್ಷಿಣಕ್ಕೆ ಹೋಗಕೂಡದೆಂದು ಎಷ್ಟೋ ವಿಮಾ ಕಂಪನಿಗಳು ಷರತ್ತು ಹಾಕುತ್ತವೆ. ಹೀಗಾಗಿ ಜಾತ್ರೆಗೆ ಬರುವ ಜನರಂತೆ ಇವರು ಬರುವ ಕಾಲವೂ ವ್ಯಾಪಾರಿಗೆ ಮೊದಲೇ ಗೊತ್ತಿರುತ್ತದೆ. ಹೆಸರಿಗೆ ಹಾಯಿದೋಣಿ; ಕಾಲುವೆಯ ಇಕ್ಕಟ್ಟಿನಲ್ಲಿ ಅದು ಓಡುವುದು ಬಹುಮಟ್ಟಿಗೆ ಡೀಸೆಲ್ ಎಂಜಿನ್ನಿನಿಂದಲೇ. ಆದ್ದರಿಂದ ದಡ ಸೇರಿದ ಕೂಡಲೇ ಬೇಕಾಗುವುದು ಡೀಸೆಲ್, ಕುಡಿಯುವ ನೀರು, ದಿನಸಿ, ಬಟ್ಟೆ ಒಗೆಯುವ ಅನುಕೂಲ, ಬಿಸಿ ಊಟ. ಜೊತೆಗೆ ಎಂಜಿನ್ನಿನ ಫಿಲ್ಟರು, ನೀರಿನ ಪಂಪಿನ ರಬ್ಬರು, ಹಗ್ಗ, ಬೋಲ್ಟು, ಹರಿದ ಹಾಯಿಗೆ ಹೊಲಿಗೆ. ಸಣ್ಣ ಕಾರ್ಯಾಗಾರಕ್ಕೂ ಹಾರ್ಡ್‌ವೇರ್ ಅಂಗಡಿಗೂ ಇದು ಅಲಕ್ಷಿಸುವಂಥ ವಹಿವಾಟಲ್ಲ. ಆದರೆ ಈ ಗಿರಾಕಿಯ ಬಳಿ ಕಾರಿಲ್ಲ. ಕಾಲ್ನಡಿಗೆಯಲ್ಲಿ ಎಷ್ಟು ದೂರ ಹೋಗಿ ಸಾಮಾನು ಹೊತ್ತು ತರಬಹುದೋ ಅಷ್ಟೇ ಅವನ ಪೇಟೆ.

ಈ ಸೂಕ್ಷ್ಮವನ್ನು ಅರಿತ ಊರುಗಳು ಲಾಭ ಪಡೆದಿವೆ. ನಾರ್ಫೋಕ್‌ನ ದಕ್ಷಿಣಕ್ಕೆ ಗ್ರೇಟ್ ಬ್ರಿಜ್ ಎಂಬಲ್ಲಿ ಕಾಲುವೆಯ ಲಾಕಿಗೂ ಎತ್ತುವ ಸೇತುವೆಗೂ ನಡುವೆ ಉಚಿತವಾಗಿ ದೋಣಿ ಕಟ್ಟಲು ಧಕ್ಕೆಯಿದೆ. ಸೇತುವೆ ಹಗಲಿನಲ್ಲಿ ಗಂಟೆಗೊಮ್ಮೆ ಮಾತ್ರ ತೆರೆಯುತ್ತದೆ. ಕಾಯಬೇಕಾದವನು ಸುಮ್ಮನೆ ಕೂರುವುದಿಲ್ಲ, ನಡೆದುಹೋಗುವಷ್ಟು ಹತ್ತಿರದಲ್ಲೇ ಇರುವ ಅಂಗಡಿಗಳಿಗೆ ಹೋಗುತ್ತಾನೆ. ಇನ್ನೊಂದು ಕವಲು 1805ರಲ್ಲಿ ತೆರೆದ ಡಿಸ್ಮಲ್ ಸ್ವಾಂಪ್ ಕಾಲುವೆ. ಅದರ ದಕ್ಷಿಣಕ್ಕೆ ಉತ್ತರ ಕೆರೊಲಿನಾದ ಎಲಿಜಬೆತ್ ಸಿಟಿ ಇದೆ. ಫ್ರೆಡ್ ಫಿಯರಿಂಗ್ ಮತ್ತು ಜೋ ಕ್ರೇಮರ್ ಎಂಬ ಅಲ್ಲಿನ ಇಬ್ಬರು ನಿವಾಸಿಗಳು 1983ರಲ್ಲಿ ಉಚಿತ ಧಕ್ಕೆಗೆ ಬಂದ ದೋಣಿಯವರಿಗೆ ಗುಲಾಬಿ ಹೂ ಕೊಟ್ಟು, ದ್ರಾಕ್ಷಾರಸ, ಗಿಣ್ಣು ಹಂಚಿ ಸ್ವಾಗತಿಸುವ ಪದ್ಧತಿ ಆರಂಭಿಸಿದರು. ಕ್ರೇಮರ್ ಕೊಡುತ್ತಿದ್ದುದು ತಮ್ಮದೇ ತೋಟದ ಹೂ. ಯಾವ ಜಾಹೀರಾತು ಸಂಸ್ಥೆಯೂ ಮಾಡಲಾಗದ ಪ್ರಚಾರವನ್ನು ಆ ಹೂಗಳು ಮಾಡಿದವು. ದೋಣಿಯವರಲ್ಲಿ ಆ ಊರಿನ ಹೆಸರು ಬಾಯಿಂದ ಬಾಯಿಗೆ ಹರಡಿತು. ಫ್ಲಾರಿಡಾದ ವೀರೋ ಬೀಚ್‌ಗಂತೂ ಅವರು 'ವೆಲ್ಕ್ರೋ ಬೀಚ್' ಎಂದೇ ಅಡ್ಡಹೆಸರಿಟ್ಟಿದ್ದಾರೆ, ಒಮ್ಮೆ ಅಂಟಿಕೊಂಡವರು ಬಿಡಿಸಿಕೊಳ್ಳಲಾರರೆಂಬ ಅರ್ಥದಲ್ಲಿ. ನಗರಸಭೆಯೇ ನಡೆಸುವ ಮರೀನಾ, ಪೇಟೆಗೆ ಟಿಕೆಟ್ಟಿಲ್ಲದ ಬಸ್ಸು: ಅಂಟಿನ ಗುಟ್ಟು ಬಹುಪಾಲು ಇಷ್ಟೇ.

ಉಚಿತ ಧಕ್ಕೆಯಿಂದ ಖಾಸಗಿ ಮರೀನಾದವರ ಹೊಟ್ಟೆಯ ಮೇಲೆ ಹೊಡೆದಂತಾಗುವುದಿಲ್ಲವೇ ಎಂಬ ಆಕ್ಷೇಪ ಸಹಜ. ದೋಣಿಯವರಲ್ಲಿ ಕೈಬಿಗಿ ಹಿಡಿದು ಖರ್ಚು ಮಾಡುವವರೂ ಸಾಕಷ್ಟಿದ್ದಾರೆ. ಆದರೆ ಉಚಿತ ತಂಗುದಾಣಗಳಲ್ಲಿ ಸಾಮಾನ್ಯವಾಗಿ ಒಂದೆರಡು ದಿನಗಳ ಮಿತಿ ಇರುತ್ತದೆ. ದುರಸ್ತಿಗೆ ನಿಲ್ಲಬೇಕಾದವನು ಹಣ ಕೊಟ್ಟು ಮರೀನಾಕ್ಕೇ ಹೋಗಬೇಕು. ದೋಣಿ ಊರಿನಲ್ಲಿ ನಿಲ್ಲದೇ ಮುಂದೆ ಸಾಗಿದರೆ ಇಬ್ಬರಿಗೂ ನಷ್ಟ.

ಹೀಗೆ ಮುಂದೆ ಸಾಗುವುದಕ್ಕೆ ದೊಡ್ಡ ಕಾರಣ ಹೂಳು. ಮಾರ್ಗದ ನಿರ್ವಹಣೆ ಅಮೆರಿಕದ ಸೈನ್ಯದ ಎಂಜಿನಿಯರುಗಳ ದಳಕ್ಕೆ ಸೇರಿದ್ದು. ಫ್ಲಾರಿಡಾದ ಫೋರ್ಟ್ ಪಿಯರ್ಸ್‌ವರೆಗೆ 12 ಅಡಿ, ಅಲ್ಲಿಂದ ಮಯಾಮಿಗೆ 10 ಅಡಿ ಆಳವಿರಬೇಕೆಂಬುದು ಕಾಗದದ ಮೇಲಿನ ನಿಯಮ. ಸರಕು ಕಡಿಮೆಯಾದಂತೆ ಹೂಳೆತ್ತುವ ಹಣವೂ ಕಡಿಮೆಯಾಯಿತು. ಜಾರ್ಜಿಯಾ ರಾಜ್ಯದಲ್ಲಿ ಇದರ ಪರಿಣಾಮ ಕಣ್ಣಿಗೆ ರಾಚುತ್ತದೆ. ಅಲ್ಲಿ ಭರತ, ಇಳಿತಗಳ ನಡುವಿನ ವ್ಯತ್ಯಾಸವೇ 7ರಿಂದ 9 ಅಡಿ. ಜೆಕಿಲ್ ಕ್ರೀಕ್, ಲಿಟಲ್ ಮಡ್ ರಿವರ್‌ಗಳಂಥ ಕಡೆ ಇಳಿತದ ಹೊತ್ತಿಗೆ ಐದಾರು ಅಡಿ ನೀರು ಬೇಡುವ ಹಾಯಿದೋಣಿಯ ತಳ ಕೆಸರಿಗೆ ತಾಗುತ್ತದೆ. ಆದ್ದರಿಂದ ಅನೇಕರು ತೆರೆದ ಸಮುದ್ರಕ್ಕೆ ಹೊರಟು ಇಡೀ ಜಾರ್ಜಿಯಾವನ್ನೇ ದಾಟಿಹೋಗುತ್ತಾರೆ. ಅಲ್ಲಿನ ಅಂಗಡಿಗಳು ಹೀಗೆ ಕಳೆದುಕೊಂಡ ವ್ಯಾಪಾರ ಯಾವ ಟನ್ನಿನ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಫ್ಲಾರಿಡಾ ಬೇರೆ ದಾರಿ ಹಿಡಿದಿತ್ತು. 1927ರಲ್ಲೇ ಅಲ್ಲಿನ ಶಾಸನಸಭೆ ಜಲಮಾರ್ಗಕ್ಕೆಂದು ಪ್ರತ್ಯೇಕ ಸಂಸ್ಥೆಯೊಂದನ್ನು ಸ್ಥಾಪಿಸಿತು. ಪೂರ್ವ ತೀರದ 12 ಕೌಂಟಿಗಳ ಆಸ್ತಿಗಳ ಮೇಲೆ ಅದು ಸಣ್ಣ ತೆರಿಗೆ ವಿಧಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಒಂದು ಲಕ್ಷ ಡಾಲರ್ ತೆರಿಗೆಯೋಗ್ಯ ಮೌಲ್ಯಕ್ಕೆ ವರ್ಷಕ್ಕೆ 3 ಡಾಲರಿನ ಆಸುಪಾಸು. ಆ ಹಣದಿಂದ ಹೂಳು ತೆಗೆಯುವುದಲ್ಲದೆ ಊರುಗಳ ಧಕ್ಕೆಗಳಿಗೂ ನೆರವು ದೊರೆಯುತ್ತದೆ. ವರ್ತಕರಿಗೆ ತೆರಿಗೆಯೆಂದರೆ ಮುಖ ಸಿಂಡರಿಸುವುದು ವಾಡಿಕೆ. ಆದರೆ ಈ ತೆರಿಗೆಯ ಫಲ ಅಂಗಡಿಯ ಮುಂದಿನ ನೀರಿನಲ್ಲೇ ಕಾಣುತ್ತದೆ.

ಕನ್ನಡ ಕರಾವಳಿಗೆ ಈ ಮಾರ್ಗದ ನಕಲು ಸಾಧ್ಯವಿಲ್ಲ. 2016ರ ಅಧಿನಿಯಮ ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ ನದಿಗಳ ಭಾಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಿಸಿದೆಯಾದರೂ ಇವು ಬಹುಮಟ್ಟಿಗೆ ಒಂದಕ್ಕೊಂದು ಸೇರದ ತುಂಡುದಾರಿಗಳು. ಮಳೆಗಾಲದ ಕಡಲು, ಹೂಳು ತುಂಬಿದ ಅಳಿವೆಗಳು ಬೇರೆ. ಹಾಗಿದ್ದರೂ ಶರಾವತಿಯ ಹಿನ್ನೀರಿಗೆ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೇರಿ ಹೋಗುವವರು ದಡದಲ್ಲಿ ಇಳಿಯುತ್ತಾರೆ, ಉಣ್ಣುತ್ತಾರೆ, ಕೊಳ್ಳುತ್ತಾರೆ. ಈ ನದಿಗಳ ಯೋಗ್ಯತೆಯನ್ನೂ ಸರಕಿನ ಟನ್ನಿನಿಂದಲೇ ಅಳೆಯುವುದಾದರೆ ಬರುವ ಉತ್ತರ ಈಗಲೇ ಊಹಿಸಬಹುದು. ಮೂರು ಕರಾವಳಿ ಜಿಲ್ಲೆಗಳ ವರ್ತಕರ ಸಂಘಗಳು ಮರೀನಾದ ಭಾರಿ ನಕ್ಷೆಗಳಿಗೆ ಕಾಯದೆ ತಮ್ಮ ಲೆಕ್ಕವನ್ನು ತಾವೇ ಬರೆದಿಡಬೇಕು. ಮಳೆ ನಿಂತು ವಿಹಾರದ ದೋಣಿಗಳು ಓಡಾಡುವ ತಿಂಗಳುಗಳಲ್ಲಿ ಯಾವ ಧಕ್ಕೆಯಲ್ಲಿ ದಿನಕ್ಕೆ ಎಷ್ಟು ಜನ ಇಳಿದರು, ಪೇಟೆಗೆ ನಡೆದುಬಂದವರೆಷ್ಟು, ನೀರು ಸಾಲದೆ ದೋಣಿ ನಿಂತ ದಿನಗಳೆಷ್ಟು ಎಂಬುದು ದಾಖಲಾಗಬೇಕು. ಇದಕ್ಕೆ ಬೇಕಾದದ್ದು ಧಕ್ಕೆಗೊಂದು ಪುಸ್ತಕ, ಅದರಲ್ಲಿ ಬರೆಯಲು ಒಬ್ಬ ಗುಮಾಸ್ತ.