ಕ್ರಾಶ್ ಗಾರ್ಡ್: ರಕ್ಷಣೆ ಬೈಕಿಗೋ, ಸವಾರನಿಗೋ?

ತುಮಕೂರು ನಗರದ ಶೆಟ್ಟಿಹಳ್ಳಿಯಿಂದ ಬೆಳಗಿನ ಹೊತ್ತು ಹೊರಡುವ ಬೈಕುಗಳ ದಾರಿಗಳು ಹಲವು. ಕೆಲವು ಗುಬ್ಬಿಯ ಕಡೆ ತಿರುಗಿದರೆ, ಕೆಲವು ಕುಣಿಗಲ್ ರಸ್ತೆ ಹಿಡಿಯುತ್ತವೆ. ಇನ್ನು ಕೆಲವು ರಾಷ್ಟ್ರೀಯ ಹೆದ್ದಾರಿ 48 ಸೇರಿ ವಸಂತನರಸಾಪುರ ಕೈಗಾರಿಕಾ ಪ್ರದೇಶಕ್ಕೋ, ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೋ ಸಾಗುತ್ತವೆ. ಪಾಳಿಯ ಕೆಲಸಕ್ಕೆ ಬಸ್ಸಿನ ವೇಳೆ ಹೊಂದದಿದ್ದಾಗ ದುಡಿಯುವ ಕುಟುಂಬಕ್ಕೆ ಬೈಕು ಅನಿವಾರ್ಯವಾಗುತ್ತದೆ. ಸಾಲದ ಕಂತಿನಲ್ಲಿ ಕೊಂಡ ಆ ವಾಹನ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ಮನೆಯ ಲೆಕ್ಕಾಚಾರವೇ ತಪ್ಪುತ್ತದೆ.

ಆದ್ದರಿಂದಲೇ ಹೊಸ ಬೈಕು ಕೊಳ್ಳುವಾಗ ಏಳುವ ಒಂದು ಪ್ರಶ್ನೆ ಸಣ್ಣದೆನಿಸಿದರೂ ಸಣ್ಣದಲ್ಲ. ಕ್ರಾಶ್ ಗಾರ್ಡ್ ಹಾಕಿಸಬೇಕೇ, ಬೇಡವೇ? ಹಿಂದೆ ಕೊಳವೆಯಾಕಾರದ ಲೆಗ್ ಗಾರ್ಡ್ ಒಂದೇ ಇತ್ತು. ಈಗ ಹೆಚ್ಚು ಶಕ್ತಿಯ ಬೈಕುಗಳಿಗೆ ‘ಸ್ಲೈಡರ್’ ಎಂಬ ಹೊಸ ಸಾಧನವೂ ಬಂದಿದೆ. ಬೀಳುವ ಭಯ ಸಹಜ, ಭಯಕ್ಕೆ ಪರಿಹಾರ ಹುಡುಕುವುದೂ ಸಹಜ. ಆದರೆ ಈ ಸಾಧನ ಯಾರನ್ನು ಕಾಯುತ್ತದೆ ಎಂಬುದನ್ನು ತಿಳಿಯದೆ ಹಣ ತೆತ್ತರೆ ಸವಾರನ ಮನಸ್ಸಿನಲ್ಲಿ ಉಳಿಯುವುದು ಸುಳ್ಳು ಧೈರ್ಯ ಮಾತ್ರ.

ಏನಿದು ಸ್ಲೈಡರ್?

ಲೆಗ್ ಗಾರ್ಡ್ ಎಂದರೆ ಎಂಜಿನ್ನಿನ ಮುಂಭಾಗದಲ್ಲಿ ಎರಡೂ ಬದಿಗೆ ಚಾಚಿಕೊಂಡಿರುವ ಬಾಗಿದ ಕಬ್ಬಿಣದ ಕೊಳವೆ. ಸ್ಲೈಡರ್ ಹಾಗಲ್ಲ. ಅದು ನೈಲಾನ್ ಅಥವಾ ಅದರಂತಹ ಗಟ್ಟಿ ಪ್ಲಾಸ್ಟಿಕ್ಕಿನ ಗುಂಡನೆಯ ತುಂಡು. ಎಂಜಿನ್ನನ್ನು ಚಾಸಿಗೆ ಬಿಗಿದಿರುವ ಬೋಲ್ಟಿನ ಜಾಗದಲ್ಲಿ ಉದ್ದನೆಯ ಬೋಲ್ಟ್ ಹಾಕಿ ಅದನ್ನು ಹೊರಚಾಚುವಂತೆ ಕೂರಿಸಲಾಗುತ್ತದೆ. ಬೈಕು ಮಗ್ಗುಲಾಗಿ ಬಿದ್ದರೆ ನೆಲಕ್ಕೆ ಮೊದಲು ತಗಲುವುದು ಈ ತುಂಡು. ಅದು ಸವೆಯುತ್ತಾ ಜಾರುವುದರಿಂದ ಟ್ಯಾಂಕ್, ಎಂಜಿನ್ ಕವಚ, ಹ್ಯಾಂಡಲ್ ಇತ್ಯಾದಿ ದುಬಾರಿ ಭಾಗಗಳು ಉಳಿದುಕೊಳ್ಳುತ್ತವೆ.

ಈ ಕಲ್ಪನೆ ಬಂದದ್ದು ರೇಸ್ ಟ್ರ್ಯಾಕಿನಿಂದ. ಅಲ್ಲಿ ನೆಲ ನುಣುಪು, ತಿರುವಿನ ಆಚೆ ಬಯಲು, ಎದುರಿನಿಂದ ಯಾವ ವಾಹನವೂ ಬರುವುದಿಲ್ಲ. ಬಿದ್ದ ಬೈಕು ತಡೆಯಿಲ್ಲದೆ ಜಾರಿ ನಿಲ್ಲುತ್ತದೆ. ತುಮಕೂರು ಜಿಲ್ಲೆಯ ರಸ್ತೆಗಳ ಸ್ಥಿತಿ ಬೇರೆ. ಇಲ್ಲಿ ಗುಂಡಿ, ಬಣ್ಣ ಮಾಸಿದ ಉಬ್ಬು, ಚದುರಿದ ಜಲ್ಲಿ, ರಸ್ತೆ ವಿಭಜಕದ ಕಲ್ಲು ಎಲ್ಲವೂ ಉಂಟು. ಸುಗ್ಗಿಯ ದಿನಗಳಲ್ಲಿ ಹಳ್ಳಿಯ ಡಾಂಬರು ರಸ್ತೆಗಳೇ ರಾಗಿ, ಹುರುಳಿಯ ಒಕ್ಕಣೆ ಕಣಗಳಾಗುತ್ತವೆ. ಜಾರುತ್ತಿರುವ ಸ್ಲೈಡರ್ ಗುಂಡಿಯ ಅಂಚಿಗೋ ವಿಭಜಕದ ಕಲ್ಲಿಗೋ ಸಿಕ್ಕಿಕೊಂಡರೆ ಬೈಕು ಪಲ್ಟಿ ಹೊಡೆಯುವ ಅಪಾಯವಿದೆ. ಪೆಟ್ಟು ನೇರವಾಗಿ ಬೋಲ್ಟಿಗೆ ಬಿದ್ದಾಗ ಬೋಲ್ಟ್ ಬಾಗಬಹುದು, ಎಂಜಿನ್ ಕೂರಿಸಿದ ಜಾಗವೇ ಬಿರುಕು ಬಿಡಬಹುದು. ಕೆಲವು ಸಾವಿರ ರೂಪಾಯಿಯ ಕವಚವನ್ನು ಉಳಿಸಲು ಹೋಗಿ ಚಾಸಿಯನ್ನೇ ಕಳೆದುಕೊಂಡಂತಾಗುತ್ತದೆ.

ಹಾಗೆಂದು ಇವು ನಿಷ್ಪ್ರಯೋಜಕ ಎನ್ನಲಾಗದು. ನಿಲ್ಲಿಸಿದ ಬೈಕು ಪಕ್ಕಕ್ಕೆ ಒರಗಿ ಬೀಳುವುದು, ಮಳೆಯಲ್ಲಿ ಕೆಸರಿಗೆ ಸಿಕ್ಕಿ ನಿಧಾನಗತಿಯಲ್ಲಿ ಜಾರುವುದು, ಸಂತೆಯ ಜಂಗುಳಿಯಲ್ಲಿ ಆಯತಪ್ಪುವುದು ದಿನನಿತ್ಯದ ಸಂಗತಿಗಳು. ಇಂತಹ ಸಂದರ್ಭಗಳಲ್ಲಿ ಗಟ್ಟಿಮುಟ್ಟಾದ ಗಾರ್ಡ್ ಬ್ರೇಕ್ ಪೆಡಲ್, ಇಂಡಿಕೇಟರ್, ಎಂಜಿನ್ ಕವಚಗಳನ್ನು ಕಾಪಾಡುತ್ತದೆ. ಎಂಜಿನ್ ಕವಚ ಒಡೆದು ಆಯಿಲ್ ಸೋರಿದರೆ ಬೈಕನ್ನು ಅಲ್ಲಿಂದ ಓಡಿಸಲಾಗದು. ಬೈಕನ್ನೇ ನಂಬಿದವನಿಗೆ ಈ ಲಾಭ ಕಡಿಮೆಯದಲ್ಲ.

ಕಾಲಿಗೆ ಕಾವಲೇ?

‘ಲೆಗ್ ಗಾರ್ಡ್’ ಎಂಬ ಹೆಸರೇ ಜನರಲ್ಲಿ ಒಂದು ನಂಬಿಕೆ ಬೆಳೆಸಿದೆ. ಕಾಲನ್ನು ಅದು ಕಾಯುತ್ತದೆ ಎಂಬುದೇ ಆ ನಂಬಿಕೆ. ಅದು ಎಷ್ಟು ನಿಜ? ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲಿಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಕೂಲಂಕಷವಾಗಿ ಪರಿಶೀಲಿಸಿ 1981ರಲ್ಲಿ ವರದಿ ನೀಡಿತು. ಗಾರ್ಡ್‌ಗಳಿಂದ ಪಾದ ಮತ್ತು ಕಾಲ್ಗಿಣ್ಣಿನ ಗಾಯಗಳು ಕಡಿಮೆಯಾಗುತ್ತವೆ, ಆದರೆ ತೊಡೆ, ಮಂಡಿ ಮತ್ತು ಕೆಳಗಾಲಿನ ಗಾಯಗಳು ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತವೆ ಎಂಬುದು ಅದರ ತೀರ್ಮಾನ. ಅಂದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡಂತೆ.

ಇದಕ್ಕೆ ಕಾರಣ ಸ್ಪಷ್ಟ. ಅಪಘಾತದ ಕ್ಷಣದಲ್ಲಿ ಸವಾರ ಕುಳಿತ ಭಂಗಿಯಲ್ಲೇ ಉಳಿಯುವುದಿಲ್ಲ. ಮುಂದಕ್ಕೆ ಎಸೆಯಲ್ಪಡುವ ದೇಹಕ್ಕೆ ಆ ಕೊಳವೆಯೇ ಎದುರಾಗುವುದೂ ಉಂಟು. ವೇಗದ ಲೆಕ್ಕವೂ ಇದೆ. ಗಂಟೆಗೆ 30 ಕಿ.ಮೀ. ವೇಗ 60 ಆದಾಗ ಚಲನಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸಂತೆಬೀದಿಯಲ್ಲಿ ಬೈಕನ್ನು ಉಳಿಸಿದ ಕೊಳವೆ ಹೆದ್ದಾರಿಯಲ್ಲಿ ಸವಾರನನ್ನು ಉಳಿಸಲಾರದು.

ಈ ಸತ್ಯವನ್ನು ಗುಬ್ಬಿ ತಾಲ್ಲೂಕಿಗಿಂತ ಚೆನ್ನಾಗಿ ಬಲ್ಲವರಾರು? 2016ರ ಫೆಬ್ರುವರಿಯಲ್ಲಿ ಊರಿಗೆ ಬಂದು ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದ ಆ ತಾಲ್ಲೂಕಿನ ಯುವಕ ಹರೀಶ್ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ಮೃತಪಟ್ಟರು. ಸಾವಿನ ಅಂಚಿನಲ್ಲೂ ತಮ್ಮ ಅಂಗಾಂಗಗಳನ್ನು ದಾನ ಮಾಡುವಂತೆ ಅವರು ಕೇಳಿಕೊಂಡದ್ದು ನಾಡನ್ನೇ ಕಲಕಿತು. ಅವರ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಗಳಲ್ಲಿ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ ಅದೇ ವರ್ಷದ ಮಾರ್ಚ್‌ನಲ್ಲಿ ಅವರ ಹೆಸರಿನಲ್ಲೇ ಆರಂಭಿಸಿತು. ಲಾರಿಯ ಚಕ್ರದ ಮುಂದೆ ಯಾವ ಗಾರ್ಡೂ, ಯಾವ ಸ್ಲೈಡರೂ ಲೆಕ್ಕಕ್ಕಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕಾನೂನಿನ ಗೊಂದಲ

ಸವಾರನಿಗೆ ಇನ್ನೊಂದು ಅಳುಕಿದೆ. ಗಾರ್ಡ್ ಹಾಕಿಸಿದರೆ ಪೊಲೀಸರು ದಂಡ ವಿಧಿಸುತ್ತಾರೆಯೇ? ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್ 7ರಂದು ರಾಜ್ಯಗಳಿಗೆ ಪತ್ರ ಬರೆದು, ವಾಹನಗಳಿಗೆ ಅನಧಿಕೃತವಾಗಿ ಕ್ರಾಶ್ ಗಾರ್ಡ್, ಬುಲ್ ಬಾರ್ ಅಳವಡಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಉಲ್ಲಂಘನೆ ಎಂದು ತಿಳಿಸಿತು. ಪಾದಚಾರಿಗಳಿಗೂ ವಾಹನದೊಳಗಿರುವವರಿಗೂ ಅಪಾಯವೆಂಬುದು ಅದಕ್ಕೆ ನೀಡಿದ ಕಾರಣ. ಪತ್ರದ ಧಾಟಿ ಕಾರು, ಜೀಪುಗಳನ್ನೇ ಕುರಿತದ್ದು. ಆದರೆ ಬೈಕು ಕೂಡ ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ. ಗೊಂದಲ ಹುಟ್ಟಿದ್ದು ಇಲ್ಲಿ.

ತಯಾರಕರ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ವಿಧಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ ವಿಧಿಸಬಹುದು, ಎರಡನ್ನೂ ವಿಧಿಸಲೂಬಹುದು. ಮತ್ತೊಂದೆಡೆ, 52ನೇ ವಿಧಿಯ ವಿವರಣೆಯೇ ‘ಮಾರ್ಪಾಡು’ ಎಂದರೆ ವಾಹನದ ಮೂಲ ಸ್ವರೂಪ ಬದಲಾಗುವಂತಹ ರಚನೆಯ ಬದಲಾವಣೆ ಎನ್ನುತ್ತದೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಹೊರಬರುವ ಗಾರ್ಡ್ ಬೈಕಿನ ಮೂಲ ಸ್ವರೂಪವನ್ನು ಬದಲಿಸುತ್ತದೆಯೇ? ಬದಲಿಸುವುದಿಲ್ಲ ಎಂಬ ವಾದ ಬಲವಾಗಿಯೇ ಇದೆ. ಆದರೂ ಈ ವಾದವನ್ನು ರಸ್ತೆಯ ಬದಿಯಲ್ಲಿ ನಿಂತು ಮಂಡಿಸುವ ಪರಿಸ್ಥಿತಿ ಸವಾರನಿಗೆ ಬರಬಾರದು. ಬೈಕಿನ ಗಾರ್ಡ್ ಎಷ್ಟು ಅಗಲವಿರಬೇಕು, ಎಲ್ಲಿಗೆ ಬಿಗಿದಿರಬೇಕು, ಅಂಚು ಹೇಗಿರಬೇಕು ಎಂಬುದನ್ನು ಸರ್ಕಾರ ಸರಳ ಭಾಷೆಯಲ್ಲಿ ಸ್ಪಷ್ಟಪಡಿಸುವುದು ಅಗತ್ಯ.

ಕಾನೂನು ಬೈಕಿನಲ್ಲಿ ಕಡ್ಡಾಯ ಮಾಡಿರುವ ರಕ್ಷಣೆಗಳನ್ನು ಗಮನಿಸಿದರೆ ಅದರ ಆಶಯ ತಿಳಿಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂಬದಿ ಸವಾರರಿಗೆ ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್ ಹಾಗೂ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ತಡೆ ಇರಲೇಬೇಕೆನ್ನುತ್ತದೆ. ಜನ ಸೀರೆ ಗಾರ್ಡ್ ಎಂದು ಕರೆಯುವುದು ಇದನ್ನೇ. ಚಕ್ರಕ್ಕೆ ಸೆರಗು ಸಿಲುಕಿ ಜೀವ ಹೋಗದಿರಲಿ ಎಂಬುದು ಅದರ ಉದ್ದೇಶ. ವಿಪರ್ಯಾಸವೆಂದರೆ, ಅಂದ ಕೆಡುತ್ತದೆಂದು ಸೀರೆ ಗಾರ್ಡ್ ಬಿಚ್ಚಿಸಿ ಅದೇ ದಿನ ಸ್ಲೈಡರ್ ಹಾಕಿಸುವ ಯುವಕರೂ ಇದ್ದಾರೆ. ಮನುಷ್ಯನನ್ನು ಕಾಯುವ ಸಾಧನ ಕಸಕ್ಕೆ, ಯಂತ್ರವನ್ನು ಕಾಯುವ ಸಾಧನ ಶೋಭೆಗೆ!

ಮೊದಲು ಯಾವುದು?

ಕೇಂದ್ರ ಸರ್ಕಾರದ ಅಂಕಿಅಂಶಗಳಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029 ಮಂದಿ. ಅವರ ಪೈಕಿ 14 ಸಾವಿರಕ್ಕೂ ಹೆಚ್ಚು ಮಂದಿ ಹಿಂದೆ ಕುಳಿತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಆದರೆ ನಗರದ ಎಲ್ಲೆ ದಾಟಿ ಹಳ್ಳಿಯ ದಾರಿ ಹಿಡಿದರೆ ಹಿಂದೆ ಕುಳಿತ ಹೆಂಡತಿ, ಟ್ಯಾಂಕಿನ ಮೇಲೆ ಕುಳಿತ ಮಗುವಿನ ತಲೆಯ ಮೇಲೆ ಹೆಲ್ಮೆಟ್ ಕಾಣುವುದು ಅಪರೂಪ.

ಆದ್ದರಿಂದ ಖರ್ಚಿನ ಅನುಕ್ರಮ ಸ್ಪಷ್ಟವಾಗಬೇಕು. ಮೊದಲ ಹಣ ಐಎಸ್‌ಐ ಗುರುತಿನ ಎರಡು ಹೆಲ್ಮೆಟ್‌ಗಳಿಗೆ. ಎರಡನೆಯದು ಸವೆದ ಟೈರು ಮತ್ತು ಬ್ರೇಕಿಗೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಬೀಳದಂತೆ ತಡೆಯುವ ಆ ಸಾಧನ, ಬಿದ್ದ ಮೇಲೆ ನೆರವಾಗುವ ಗಾರ್ಡ್‌ಗಿಂತ ಮೇಲು. ಗಾರ್ಡಿನ ಸರದಿ ಬರುವುದು ಇವೆಲ್ಲ ಆದ ನಂತರ.

ಹಾಕಿಸುವುದೇ ಆದರೆ ಕೆಲವು ಎಚ್ಚರಿಕೆಗಳು ಅವಶ್ಯ. ಬೈಕ್ ತಯಾರಕರೇ ಆ ಮಾದರಿಗೆಂದು ಕೊಡುವ ಗಾರ್ಡ್ ಆಗಿರಬೇಕು. ಅದು ಹ್ಯಾಂಡಲ್ಲಿನ ಅಗಲವನ್ನು ಮೀರಬಾರದು, ಚೂಪು ಅಂಚು ಇರಬಾರದು, ತಿರುವಿನಲ್ಲಿ ವಾಲಿದಾಗ ನೆಲಕ್ಕೆ ತಾಗಬಾರದು. ಒಮ್ಮೆ ಪೆಟ್ಟು ತಿಂದು ಬಾಗಿದ ಕೊಳವೆಯನ್ನಾಗಲಿ ಬೋಲ್ಟನ್ನಾಗಲಿ ಬಡಿದು ನೇರ ಮಾಡಿ ಮತ್ತೆ ಬಳಸುವುದು ಅಪಾಯಕಾರಿ. ಹೊರಗಿನಿಂದ ಹಾಕಿಸಿದ ಬಿಡಿಭಾಗವನ್ನು ವಿಮೆಯಲ್ಲಿ ನಮೂದಿಸದಿದ್ದರೆ ಅದರ ನಷ್ಟಕ್ಕೆ ಪರಿಹಾರ ಸಿಗದೆಂಬುದೂ ನೆನಪಿರಲಿ.

ಸಂತೆ, ಹೊಲ, ಕೆಸರುದಾರಿಗಳಲ್ಲಿ ನಿಧಾನವಾಗಿ ಓಡಾಡುವ ಸವಾರನಿಗೆ ಸರಿಯಾದ ಲೆಗ್ ಗಾರ್ಡ್ ಉಪಯುಕ್ತ. ರೇಸಿನ ಸ್ಲೈಡರ್ ಅವನಿಗೆ ಅನಗತ್ಯ. ಹೆದ್ದಾರಿಯಲ್ಲಿ ದಿನವೂ ಬೆಂಗಳೂರಿಗೆ ಹೋಗಿ ಬರುವವನು ಎರಡರಿಂದಲೂ ಪ್ರಾಣರಕ್ಷಣೆ ನಿರೀಕ್ಷಿಸಬಾರದು. ಬೈಕಿನ ಕವಚ ಒಡೆದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಶೆಟ್ಟಿಹಳ್ಳಿಯ ಮನೆಯಲ್ಲಿ ಸಂಜೆ ಕಾಯುವವರಿಗೆ ಬೇಕಾದದ್ದು ಬೈಕಲ್ಲ, ಅದರ ಮೇಲೆ ಹೋದವನು.